ಇಳಿದ ಮೇಲೆ ಕೊಡುವ ವೀಸಾ

ಮೊನ್ನೆ ಗ್ರಂಥಾಲಯದವರು ಸದಸ್ಯತ್ವದ ಕಾರ್ಡಿಗೆ ಒಂದು ಫೋಟೊ ಕೇಳಿದರು. ಒಂದೇ ಒಂದು ಫೋಟೊಗಾಗಿ ಸ್ಟುಡಿಯೊಗೆ ಹೋಗಿ, ಗಲ್ಲ ಮೇಲೆ, ಭುಜ ಕೆಳಗೆ ಎಂದೆಲ್ಲ ಹೇಳಿಸಿಕೊಂಡು ಬರುವುದು ನನ್ನಿಂದಾಗದ ಕೆಲಸ. ಹಳೇ ಪರ್ಸುಗಳನ್ನು ಬಿಸಾಡದೆ ಇಟ್ಟುಕೊಳ್ಳುವ ಚಟ ನನಗಿದೆ. ಚರ್ಮ ಸುಲಿದು, ಹೊಲಿಗೆ ಬಿಟ್ಟುಕೊಂಡು, ಒಳಗೆ ಯಾವುದೋ ಕಾಲದ ಬಸ್ ಟಿಕೆಟ್ ಇಟ್ಟುಕೊಂಡಿರುವ ಪರ್ಸುಗಳು ಬೀರುವಿನ ಕೆಳಗಿನ ಡ್ರಾಯರ್ ತುಂಬ ಇವೆ. ಯಾವುದರಲ್ಲಾದರೂ ನನ್ನ ಮುಖ ಇದ್ದೇ ಇರುತ್ತದೆ ಎಂದು ಹುಡುಕಿದೆ. ಇತ್ತು.

ನಮ್ಮಲ್ಲಿ ತೆಗೆಯುವ ಪಾಸ್‌ಪೋರ್ಟ್ ಸೈಜಿಗಿಂತ ಒಂದಿಷ್ಟು ದೊಡ್ಡದಾದ ಫೋಟೊ ಅದು. ಬಿಳಿ ಹಿನ್ನೆಲೆ, ನೀಲಿ ಗೆರೆಯ ಅಂಗಿ, ಎರಡು ದಿನ ಗಡ್ಡ ಕೆರೆಯದ ಮುಖ. ಕೆಳಗಿನ ಅಂಚಿನಲ್ಲಿ ಅಂಗಿಯ ಜೇಬು ಉಬ್ಬಿಕೊಂಡಿರುವುದು ಕಾಣುತ್ತದೆ. ಪಕ್ಕದಲ್ಲೇ ಕೂತು ಬಣ್ಣದ ಕಾಗದ ಕತ್ತರಿಸುತ್ತಿದ್ದ ಮಗಳು ಅದನ್ನು ಕಿತ್ತುಕೊಂಡು ನೋಡಿದಳು.

"ಅಪ್ಪಾ, ಇದ್ರಲ್ಲಿ ಎಷ್ಟ್ ಚೆನ್ನಾಗಿದೀಯ! ಎಲ್ಲಿ ತೆಗೆಸಿದ್ದು?"

"ಬ್ಯಾಂಕಾಕ್‌ನಲ್ಲಿ."

"ಸುಳ್ಳು. ನೀನ್ ಯಾವಾಗ್ ಫಾರಿನ್ ಟೂರ್ ಹೋಗಿದ್ದೆ?"

ಹೋಗಿದ್ದೆ ಎನ್ನುವುದಕ್ಕೆ ಪಾಸ್‌ಪೋರ್ಟಿನಲ್ಲಿ ಸಾಕ್ಷಿ ಇದೆ. ಟೂರಿಸ್ಟ್ ಎಂದೇ ಮುದ್ರೆ ಒತ್ತಿದ್ದಾರೆ. ಅವಳು ಆಗ ತೊಟ್ಟಿಲಲ್ಲಿದ್ದಳು. ಗುಬ್ಬಿಯ ಮಾವ ತೀರಿಕೊಂಡಿದ್ದು ಅವಳಿಗೆ ಗೊತ್ತು. ಅವರನ್ನು ಕರೆತರಲು ಹೋದವನು ನಾನೇ ಎಂದು ಯಾರೂ ಹೇಳಿರಲಿಲ್ಲ. ಕಾರ್ಡಿನ ಚೌಕದಲ್ಲಿ ಫೋಟೊ ಕೂರುವುದಿಲ್ಲ ಎಂದು ಅವಳು ಕತ್ತರಿ ಹಿಡಿದಾಗ ನಾನು ಸ್ವಲ್ಪ ಜೋರಾಗಿಯೇ ಗದರಿಬಿಟ್ಟೆ. ಆಮೇಲೆ ತೆಪ್ಪಗೆ ಸ್ಟುಡಿಯೊಗೆ ಹೋಗಿಬಂದೆ.

ಫೋಟೊ ಎಂದರೆ ನನಗೆ ಚಿಕ್ಕಂದಿನಿಂದಲೂ ಅಷ್ಟಕ್ಕಷ್ಟೆ. ಸಿ.ಎಸ್. ಪುರದ ನಮ್ಮ ಮನೆಯಲ್ಲಿ ಗೋಡೆಗೆ ಹಾಕುತ್ತಿದ್ದದ್ದು ದೇವರು ಮತ್ತು ಸತ್ತವರ ಫೋಟೊಗಳನ್ನು ಮಾತ್ರ. ಬದುಕಿದ್ದವರ ಫೋಟೊಗಳೆಲ್ಲ ಟ್ರಂಕಿನಲ್ಲಿ, ಸೀರೆಗಳ ಕೆಳಗೆ, ನುಸಿಗುಳಿಗೆಯ ವಾಸನೆಯಲ್ಲಿ ಇರುತ್ತಿದ್ದವು. ಹಾಗಾಗಿ ಟ್ರಂಕಿನಿಂದ ಗೋಡೆಗೆ ಏರುವುದೇ ಸಾಯುವುದು ಎಂದು ನಾನು ತಿಳಿದಿದ್ದೆ. ಒಂದನೇ ಕ್ಲಾಸಿನ ಗ್ರೂಪ್ ಫೋಟೊಗೆ ನಿಲ್ಲಿಸಿದಾಗ ನಾನು ಓಡಿಹೋಗಿದ್ದು ಆ ಕಾರಣಕ್ಕೆ. ಮೇಷ್ಟ್ರು ಹಿಡಿದು ತಂದು, ಕಿವಿ ಹಿಂಡಿ ನಿಲ್ಲಿಸಿದರು. ಆ ಫೋಟೊದಲ್ಲಿ ನನ್ನ ಒಂದು ಕಿವಿ ಇನ್ನೊಂದಕ್ಕಿಂತ ದೊಡ್ಡದಾಗಿ ಬಂದಿದೆ.

ಇಂಥವನಿಗೆ ಪಾಸ್‌ಪೋರ್ಟ್ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ತೊಂಬತ್ತರ ದಶಕದ ನಡುವಿನಲ್ಲಿ, ನಾನು ತುಮಕೂರಿನ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿಕೊಂಡು, ಬಟವಾಡಿಯಲ್ಲಿ ಕ್ಲಿನಿಕ್ಕೊಂದರ ಮಹಡಿಯ ಮೇಲೆ ಬಾಡಿಗೆಗಿದ್ದೆ. ಮಾಲ್ಡೀವ್ಸ್‌ನಲ್ಲಿ ಮೇಷ್ಟ್ರುಗಳು ಬೇಕಾಗಿದ್ದಾರೆ ಎಂಬ ಜಾಹೀರಾತು ಬಂತು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಸಮುದ್ರದ ಹುಚ್ಚು ಹಿಡಿಯಿತು. ಅರ್ಜಿ ಹಾಕಿದವರೆಷ್ಟೋ, ಪಾಸ್‌ಪೋರ್ಟ್ ಮಾಡಿಸಿದ ದಡ್ಡ ನಾನೊಬ್ಬನೇ. ವಿಚಾರಣೆಗೆ ಪೊಲೀಸ್ ಪೇದೆ ಮನೆಗೆ ಬಂದಾಗ, ಕೆಳಗಿನ ಕ್ಲಿನಿಕ್ಕಿಗೆ ಬಂದಿದ್ದ ರೋಗಿಗಳು ತಮ್ಮ ಕಾಯಿಲೆ ಮರೆತು ಮೆಟ್ಟಿಲ ಹತ್ತಿರ ನಿಂತಿದ್ದರು. ಇಂಟರ್‌ವ್ಯೂನಲ್ಲಿ ಬಾಷ್ಪೀಕರಣವನ್ನು ಇಂಗ್ಲಿಷಿನಲ್ಲಿ ವಿವರಿಸಿ ಎಂದರು. ವಿವರಿಸಿದೆ. ಪಾಸ್‌ಪೋರ್ಟ್ ಟ್ರಂಕಿಗೆ ಹೋಯಿತು.

ಗ್ಯಾಸ್ ಕನೆಕ್ಷನ್ನಿಗೆ, ಟೆಲಿಫೋನಿಗೆ ಗುರುತಿನ ದಾಖಲೆ ಎಂದು ತೋರಿಸುವುದಕ್ಕಷ್ಟೇ ಅದು ಹೊರಗೆ ಬರುತ್ತಿತ್ತು. ಇದನ್ನು ಹಿಡಿದು ನನ್ನನ್ನು ಗೋಳು ಹೊಯ್ದುಕೊಂಡವರು ಭಾವ. ಗಿರಿಜಕ್ಕನ ಗಂಡ ರುದ್ರೇಶ್ ಭಾವ. ಚೇಳೂರಿನ ಹತ್ತಿರ ಅವರ ತೋಟ, ಗುಬ್ಬಿಯಲ್ಲಿ ಪಂಪ್‌ಸೆಟ್ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಬೋರ್‌ವೆಲ್ ಕೊರೆಸುವ ಹುಚ್ಚು ಸುತ್ತಮುತ್ತಲ ಊರುಗಳಿಗೆಲ್ಲ ಹತ್ತಿದ್ದ ಕಾಲ ಅದು. ಭಾವನ ಅಂಗಡಿಯ ಮುಂದೆ ಎತ್ತಿನ ಗಾಡಿ, ಟ್ರ್ಯಾಕ್ಟರ್, ಲೂನಾ ಎಲ್ಲ ಒಟ್ಟಿಗೆ ನಿಂತಿರುತ್ತಿದ್ದವು.

"ಏನ್ಲಾ ಮಲ್ಲೇಶ, ನಿನ್ ಪಾಸ್‌ಪೋರ್ಟ್ ಯಾವ್ ದೇಶದಲ್ಲೈತೆ ಈಗ?" ಎಂದು ಗಿರಾಕಿಗಳ ಮುಂದೆಯೇ ಕೇಳುತ್ತಿದ್ದರು.

"ಟ್ರಂಕಲ್ಲೈತೆ, ಭಾವ."

"ಅದಕ್ಕೂ ಒಂದ್ ವೀಸಾ ಮಾಡ್ಸು. ಬೀರುವಿಗಾದ್ರೂ ಹೋಗ್ಬರ್ಲಿ ಪಾಪ."

ಭಾವ ಒಂದು ಗಳಿಗೆ ಸುಮ್ಮನೆ ಕೂರುವ ಜನ ಅಲ್ಲ. ನಿಂತೇ ಕಾಫಿ, ನಿಂತೇ ವ್ಯಾಪಾರ. ಆದರೆ ಎಲ್ಲಿ ನೆಲ ಸಿಕ್ಕರೂ ಉದ್ದಕ್ಕೆ ಮಲಗಿ ಗೊರಕೆ ಹೊಡೆಯಬಲ್ಲರು. ಮದುವೆ ಛತ್ರದಲ್ಲಿ ಊಟದ ನಂತರ ಅವರನ್ನು ಹುಡುಕಬೇಕಾದರೆ ಜಮಖಾನಗಳ ರಾಶಿಯ ಹಿಂದೆ ನೋಡಬೇಕಿತ್ತು. ಕೂತಲ್ಲಿ ಮಾತ್ರ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಬೆಂಗಳೂರಿನ ಬಸ್ಸಿನಲ್ಲಿ ಇಡೀ ಬಸ್ಸು ತೂಕಡಿಸಿದರೆ ಭಾವ ಡ್ರೈವರನ ಪಕ್ಕ ನಿಂತು ಅವನ ಸಂಸಾರದ ಕಷ್ಟ ಕೇಳುತ್ತಿದ್ದರು. ಅವರ ತಾಯಿ ಶಿವಮ್ಮಜ್ಜಿ ಹೇಳುತ್ತಿದ್ದರು, ತೊಡೆ ಮೇಲೆ ಹಾಕ್ಕೊಂಡ್ರೆ ಮಲಗ್ತಿರ್ಲಿಲ್ಲ, ಚಾಪೆ ಮೇಲೆ ಬಿಟ್ರೇನೇ ಕಣ್ ಮುಚ್ತಿದ್ದ ಎಂದು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಪಂಪಿನ ಕಂಪನಿಯವರು ಡೀಲರುಗಳಿಗೆ ಒಂದು ಆಸೆ ತೋರಿಸಿದರು. ಇಷ್ಟು ಪಂಪ್ ಮಾರಿದರೆ ಥಾಯ್ಲೆಂಡ್ ಪ್ರವಾಸ. ಭಾವ ಮಾರಿದರು. ನೀರಿಲ್ಲದ ಬಾವಿಗೂ ಪಂಪ್ ಮಾರಿದರು ಎಂದು ಅಕ್ಕ ರೇಗಿಸುತ್ತಿದ್ದಳು. ಕುಣಿಗಲ್ ಕೆರೆಯ ಹತ್ತಿರ ಅಂಗಡಿ ಇಟ್ಟಿದ್ದ ಚಂದ್ರಣ್ಣ ಎಂಬ ಇನ್ನೊಬ್ಬ ಡೀಲರಿಗೂ ಪ್ರವಾಸ ಸಿಕ್ಕಿತು. ಇಬ್ಬರೂ ಒಟ್ಟಿಗೆ ಪಾಸ್‌ಪೋರ್ಟ್ ಮಾಡಿಸಿದರು. ವೀಸಾ ಮಾಡಿಸುವುದು ಹೇಗೆ ಎಂದು, ಈ ವಿಷಯದಲ್ಲಿ ಪಂಡಿತನೆಂದು ಹೆಸರಾಗಿದ್ದ ನನ್ನನ್ನು ಕೇಳಿದರು. ನನಗೇನು ಗೊತ್ತು. ಕೊನೆಗೆ ಕಂಪನಿಯವರೇ ಹೇಳಿದರಂತೆ, ಮೊದಲೇ ಏನೂ ಮಾಡಿಸಬೇಕಾಗಿಲ್ಲ, ಇಳಿದ ಮೇಲೆ ಅಲ್ಲೇ ಕೊಡುತ್ತಾರೆ, ಎರಡು ಫೋಟೊ ಇದ್ದರೆ ಸಾಕು ಎಂದು.

ಭಾವನಿಗೆ ಈ ಏರ್ಪಾಡು ವಿಪರೀತ ಹಿಡಿಸಿಬಿಟ್ಟಿತು. ಅಂಗಡಿಗೆ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದರು. "ನೆಂಟ್ರ ಮನೆಗ್ ಹೋದಂಗೆ ಕಣೋ. ಕಾಗ್ದ ಇಲ್ಲ, ಗೀಗ್ದ ಇಲ್ಲ. ಸೀದಾ ಹೋಗಿ ಬಾಗ್ಲಲ್ಲಿ ನಿಂತ್ರೆ, ಬನ್ನಿ ಅಂತಾರೆ."

ಅಕ್ಕ ಒಳಗಿನಿಂದ ಕೇಳಿದಳು: "ಬಾಗ್ಲಲ್ಲಿ ನಿಂತ್ಮೇಲೆ ಬ್ಯಾಡ ಅಂದ್ರೆ?"

"ಯಾಕಂತಾರೆ ಬ್ಯಾಡ ಅಂತ? ಉಣ್ಣೋಕ್ ಬಂದೋರ್ನ ಯಾರಾದ್ರೂ ಕಳಿಸ್ತಾರಾ?"

ಹಿನ್ನೆಲೆ ಬಿಳಿಯದೇ ಆಗಬೇಕು ಎಂದು ಹೇಳಿದ್ದರು. ಗುಬ್ಬಿಯ ಸ್ಟುಡಿಯೊದಲ್ಲಿ ಇದ್ದದ್ದು ನೀಲಿ ಪರದೆ ಮತ್ತು ಜಲಪಾತದ ಪರದೆ. ಭಾವ ಮನೆಗೆ ಫೋನ್ ಮಾಡಿ ಪಂಚೆ ತರಿಸಿದರು. ಸ್ಟುಡಿಯೊದವನ ತಮ್ಮ ಒಂದು ಕಡೆ, ನಾನು ಒಂದು ಕಡೆ ಪಂಚೆ ಹಿಡಿದು ನಿಂತೆವು. "ಎತ್ತಿ ಹಿಡೀರ್ಲಾ, ಸುಕ್ಕು ಕಾಣ್ತದೆ" ಎಂದು ಭಾವ ಕೂತಲ್ಲಿಂದಲೇ ಹುಕುಂ ಮಾಡಿದರು. ಎಷ್ಟು ಎತ್ತಿ ಹಿಡಿದರೂ ಪಂಚೆಯ ಮಡಿಕೆ ಅವರ ಬಲ ಕಿವಿಯ ಪಕ್ಕ ಗೆರೆಯಾಗಿ ಉಳಿಯಿತು. ನಗಬಾರದು ಎಂದಿದ್ದಕ್ಕೆ ತುಟಿ ಬಿಗಿಹಿಡಿದುಕೊಂಡಿದ್ದಾರೆ. ಈ ಫೋಟೊ ಈಗ ಅಕ್ಕನ ಮನೆಯ ಹಜಾರದ ಗೋಡೆಯ ಮೇಲಿದೆ. ದೊಡ್ಡದು ಮಾಡಿಸುವಾಗ ಮಡಿಕೆಯೂ ದೊಡ್ಡದಾಯಿತು.

ಇನ್ನೊಂದು ಸಂಗತಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾವು ಲಿಂಗ ಕಟ್ಟುವ ಜನ. ಹುಟ್ಟಿದಾಗ ಕಟ್ಟಿದ ಲಿಂಗ ಮೈಬಿಟ್ಟು ಹೋಗಬಾರದು. ಸತ್ತಾಗ ಮಲಗಿಸಿ ಹೂಳುವುದಿಲ್ಲ. ಪೂಜೆಗೆ ಕೂತ ಹಾಗೆ ಕಾಲು ಮಡಿಸಿ ಕೂರಿಸಿ, ಎಡಗೈಯಲ್ಲಿ ಆ ಲಿಂಗ ಇಟ್ಟು ಕಳಿಸುತ್ತಾರೆ. ಈ ಮಾತನ್ನು ಹೇಳುತ್ತಿರುವ ನನ್ನ ಲಿಂಗ ಮದುವೆಯ ಮಾರನೇ ದಿನದಿಂದ ಬೀರುವಿನಲ್ಲಿದೆ. ಹಬ್ಬಕ್ಕೊಮ್ಮೆ ಹೊರಗೆ ಬರುತ್ತದೆ. ಭಾವ ಹಾಗಲ್ಲ. ಬೆಳ್ಳಿಯ ಕರಡಿಗೆಯಲ್ಲಿ ಅದು ಸದಾ ಅವರ ಕತ್ತಿನಲ್ಲಿರುತ್ತಿತ್ತು. ಊಟಕ್ಕೆ ಮುಂಚೆ ಅದನ್ನೊಮ್ಮೆ ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಅನ್ನಕ್ಕೆ ಕೈ ಹಾಕುತ್ತಿರಲಿಲ್ಲ.

ಆ ಮನುಷ್ಯ ಹೊರಡುವ ದಿನ ಬೆಳಿಗ್ಗೆ ಕರಡಿಗೆ ಬಿಚ್ಚಿ ದೇವರ ಗೂಡಿನಲ್ಲಿಟ್ಟರು. ವಿಮಾನದ ಹತ್ತಿರ ಮಿಷನ್ ಇರುತ್ತದಂತೆ, ಬೆಳ್ಳಿ ಕಂಡರೆ ಬಿಚ್ಚಿಸುತ್ತಾರಂತೆ, ಯಾರ್ಯಾರೋ ಕೈ ಹಾಕುತ್ತಾರೆ, ಮೈಲಿಗೆ ಎಂದರು. ಅಲ್ಲಿ ಹೋಟೆಲುಗಳಲ್ಲಿ ಹುಳುಹುಪ್ಪಟೆಯನ್ನೆಲ್ಲ ಒಂದೇ ಬಾಣಲೆಯಲ್ಲಿ ಕರಿಯುತ್ತಾರೆ ಎಂದು ಚಂದ್ರಣ್ಣ ಬೇರೆ ಹೆದರಿಸಿದ್ದ. ಶಿವಮ್ಮಜ್ಜಿಗೆ ಇದು ಸರಿಬರಲಿಲ್ಲ.

"ಬಿಚ್ಬ್ಯಾಡ ಕಣೋ ರುದ್ರ. ಬಿಚ್ಚಿಟ್ ಹೋಗೋ ಪದಾರ್ಥ ಅಲ್ಲ ಅದು."

"ಐದ್ ದಿನಕ್ ಏನಾಯ್ತದವ್ವ? ಜೋಪಾನವಾಗಿ ಇಲ್ಲೇ ಇರ್ತದೆ ಬುಡು. ನಂಗಿರೋ ಯೋಚ್ನೆನೇ ಬೇರೆ. ಪ್ಲೇನಲ್ಲಿ ಕೂತ್ಕೊಂಡೇ ನಿದ್ದೆ ಮಾಡ್ಬೇಕಂತೆ. ನಂಗಾಗುತ್ತಾ ಅದು?"

ಎಲ್ಲರೂ ನಕ್ಕೆವು. ಅಜ್ಜಿ ನಗಲಿಲ್ಲ.

ನೆಂಟರ ಮನೆಯ ಮಾತು ಬಂತಲ್ಲ, ನಮ್ಮ ಕಡೆ ನೆಂಟರು ಬರುತ್ತಿದ್ದದ್ದೂ ಹಾಗೆಯೇ. ಸಿ.ಎಸ್. ಪುರದ ಮನೆಗೆ ಯಾರೂ ಮುಂಚೆ ತಿಳಿಸಿ ಬಂದದ್ದು ನನಗೆ ನೆನಪಿಲ್ಲ. ಬಸ್ಸಿಳಿದು ಬರುತ್ತಿದ್ದರು, ನಮ್ಮವ್ವ ಕಾಲಿಗೆ ನೀರು ಕೊಡುತ್ತಿದ್ದಳು, ಯಾಕೆ ಬಂದಿರಿ ಎಂದು ಕೇಳುವುದು ಅನಾಗರಿಕರ ಲಕ್ಷಣವಾಗಿತ್ತು. ಎರಡನೇ ದಿನ ರಾಗಿರೊಟ್ಟಿ ತಿನ್ನುವಾಗ ಅವರೇ ಮೆಲ್ಲಗೆ ಬಾಯಿ ಬಿಡುತ್ತಿದ್ದರು. ಒಳಗೆ ಬಾರದವರು ಒಂದೇ ಜಾತಿಯವರು: ಸಾವಿನ ಸುದ್ದಿ ತಂದವರು. ಅವರು ಚಪ್ಪಲಿ ಬಿಡುತ್ತಿರಲಿಲ್ಲ, ನೀರು ಮುಟ್ಟುತ್ತಿರಲಿಲ್ಲ. ಹೊಸಿಲಿನಾಚೆ ನಿಂತು, ಹೇಳಿ, ತಿರುಗಿ ನೋಡದೆ ಹೋಗುತ್ತಿದ್ದರು. ನಾವು ಚಿಕ್ಕವರು ಇದನ್ನೇ ಆಟ ಮಾಡಿಕೊಂಡು ಹೊಸಿಲಿನಾಚೆ ನಿಂತು ಒಬ್ಬರಿಗೊಬ್ಬರು ಸುದ್ದಿ ಹೇಳುತ್ತಿದ್ದೆವು. ಒಮ್ಮೆ ಅವ್ವನಿಗೆ ಕಂಡು, ಬಾರುಕೋಲು ಪುಡಿಯಾಯಿತು.

ಭಾವ ಹೋದ ಮೂರನೆಯ ದಿನ ಬೆಳಿಗ್ಗೆ, ನಾನು ಸ್ಕೂಲಿಗೆ ಹೊರಟಿದ್ದಾಗ ಫೋನು ಬಂತು. ಚಂದ್ರಣ್ಣ. ಪಟ್ಟಾಯದಿಂದ. ಅವನು ಅಳುತ್ತಿದ್ದನೋ ಲೈನ್ ಹಾಗಿತ್ತೋ ತಿಳಿಯಲಿಲ್ಲ.

"ಮೇಷ್ಟ್ರೇ, ನಿಮ್ ಭಾವ... ಸ್ನಾನಕ್ ಎದ್ರು ಕಣ್ರೀ. ಎದೆ ಹಿಡ್ಕೊಂಡ್ ಕೂತ್ರು. ಆಸ್ಪತ್ರೆಗ್ ಹಾಕ್ಕೊಂಡ್ ಹೋಗೋಷ್ಟ್ರಲ್ಲಿ ಇಲ್ಲ ಅಂದ್‌ಬುಟ್ರು. ಅಕ್ಕಾರ್‌ಗೆ ನಾನ್ ಹೆಂಗ್ ಹೇಳ್ಲಿ? ನೀವೇ ಹೇಳಿ."

ಬಟವಾಡಿಯಿಂದ ಗುಬ್ಬಿಗೆ ಸ್ಕೂಟರಿನಲ್ಲಿ ಹೋದೆ. ದಾರಿಯಲ್ಲಿ ಏನು ಹೇಳಬೇಕು, ಹೇಗೆ ಹೇಳಬೇಕು ಎಂದು ಮಾತು ಜೋಡಿಸಿಕೊಳ್ಳುತ್ತಿದ್ದೆ. ಮೈ ಸರಿಯಿಲ್ಲವಂತೆ ಎಂದು ಶುರುಮಾಡಬೇಕು, ಮೊದಲು ಒಳಗೆ ಹೋಗಿ ಕೂರಬೇಕು, ಅಜ್ಜಿಯ ಜೊತೆಗಿರಲು ಪಕ್ಕದ ಮನೆಯವರನ್ನು ಕರೆಸಬೇಕು, ಹೀಗೆಲ್ಲ. ಅಕ್ಕ ಅಂಗಳದ ಗಿಡಕ್ಕೆ ನೀರು ಹಾಕಿ ಚೆಂಬು ಹಿಡಿದು ಒಳಗೆ ಹೋಗುತ್ತಿದ್ದವಳು ನನ್ನನ್ನು ಕಂಡು ನಕ್ಕಳು.

"ಏನೋ ಇಷ್ಟೊತ್ಗೇ? ಸ್ಕೂಲಿಲ್ವಾ? ಬಾ ಕಾಫಿ ಕುಡಿ."

ಅವಳು ಹೊಸಿಲು ದಾಟಿದಳು. ನಾನು ದಾಟಲಿಲ್ಲ. ದಾಟಬಾರದೆಂದು ಯೋಚಿಸಿದೆನೆಂದಲ್ಲ, ಕಾಲು ಅಲ್ಲೇ ನಿಂತುಬಿಟ್ಟವು. ಚಪ್ಪಲಿಯನ್ನೂ ಬಿಡಲಿಲ್ಲ. ಅಕ್ಕ ತಿರುಗಿ ನೋಡಿದಳು. ನನ್ನ ಮುಖ ನೋಡಿದಳು, ಆಮೇಲೆ ನನ್ನ ಕಾಲು ನೋಡಿದಳು. ನಾನು ಬಾಯಿ ತೆರೆಯುವ ಮುಂಚೆಯೇ ಅವಳು ಗೋಡೆಗೆ ಒರಗಿಕೊಂಡು ಕೆಳಕ್ಕೆ ಜಾರಿದಳು. ಅವಳ ಕೈಯಲ್ಲಿದ್ದ ಚೆಂಬು ಉರುಳಿ ನನ್ನ ಕಾಲ ಹತ್ತಿರಕ್ಕೆ ಬಂದು ನಿಂತಿತು.

ಆ ಮಧ್ಯಾಹ್ನ ಅಂಗಡಿಯ ಮುಂದೆ ಊರೇ ಸೇರಿ ಚರ್ಚೆ ನಡೆಸಿತು. ಯಾರಾದರೊಬ್ಬರು ಹೋಗಬೇಕು, ರಕ್ತಸಂಬಂಧಿಯೋ ಹತ್ತಿರದವರೋ ಸಹಿ ಹಾಕದೆ ಆಸ್ಪತ್ರೆಯವರು ಕೊಡುವುದಿಲ್ಲ ಎಂದು ಕಂಪನಿಯವರು ತಿಳಿಸಿದ್ದರು. ಪಾಸ್‌ಪೋರ್ಟ್ ಯಾರಿಗಿದೆ ಎಂದು ಯಾರೋ ಕೇಳಿದರು. ಎಲ್ಲರೂ ನನ್ನ ಕಡೆ ತಿರುಗಿದರು. ಭಾವ ಇದ್ದಿದ್ದರೆ ಈ ಗಳಿಗೆಯನ್ನು ಬಿಡುತ್ತಿರಲಿಲ್ಲ, ಅಂತೂ ಟ್ರಂಕಿನಿಂದ ಹೊರಟ್ಯಲ್ಲೋ ಎಂದಿರುತ್ತಿದ್ದರು.

"ವೀಸಾ ಎಷ್ಟ್ ದಿನ ಆಗುತ್ತೆ?" ಎಂದರು ಒಬ್ಬರು.

"ಅಲ್ಲೇ ಕೊಡ್ತಾರೆ" ಎಂದೆ. ಭಾವನೇ ಹೇಳಿದ್ದ ಮಾತು.

ಹೊರಡುವಾಗ ಶಿವಮ್ಮಜ್ಜಿ ನನ್ನನ್ನು ದೇವರ ಗೂಡಿನ ಹತ್ತಿರ ಕರೆದರು. ಅವರು ಅದುವರೆಗೂ ಅತ್ತಿರಲಿಲ್ಲ. ಕರಡಿಗೆಯನ್ನು ಬಿಳೀ ವಸ್ತ್ರದಲ್ಲಿ ಸುತ್ತಿ ನನ್ನ ಅಂಗಿಯ ಜೇಬಿಗೆ ಇಟ್ಟು, ಜೇಬಿನ ಮೇಲೆ ಕೈಯಿಟ್ಟು ಹಿಡಿದುಕೊಂಡರು.

"ಕಂಡ ತಕ್ಷಣ ಮೊದ್ಲು ಇದ್ನ ಅವ್ನ್ ಕತ್ಗೆ ಹಾಕು. ಬ್ಯಾರೆ ಮಾತೆಲ್ಲ ಆಮೇಲೆ. ಬರಿಗತ್ನಲ್ಲಿ ಹೋಗವ್ನೆ ಕಣೋ. ನನ್ ಮಗನ್ನ ಬಿರ್ರನೆ ಕರ್ಕೊಂಡ್ ಬಾ. ಕೂರ್ಸಿ ಕಳಿಸ್ಬೇಕು ನಾನು. ಅವ್ರಪ್ಪನ್ ಪಕ್ಕ, ಕೂರ್ಸಿ."

ಆಯ್ತು ಅಜ್ಜಿ ಎಂದೆ. ಹೂಂ ಎನ್ನುವುದಕ್ಕೆ ಏನು ಕಷ್ಟ. ಸತ್ತ ಮೇಲೆ ಮೈ ಬಿರುಸಾಗುವ ವಿಷಯವನ್ನು ನಾನು ಒಂಬತ್ತನೇ ಕ್ಲಾಸಿಗೆ ಪಾಠ ಮಾಡಿದವನು. ಆಗ ನೆನಪಾಗಲಿಲ್ಲ.

ಚೆನ್ನೈಯಲ್ಲಿ ವಿಮಾನ ಹತ್ತಿದೆ. ನನ್ನ ಜೀವನದ ಮೊದಲ ವಿಮಾನ. ನನ್ನ ಸುತ್ತ ಒಂದೇ ಬಣ್ಣದ ಟೋಪಿ ಹಾಕಿಕೊಂಡ ಗುಂಪೊಂದಿತ್ತು. ಬೀಜದ ಕಂಪನಿಯೋ ಟೈರ್ ಕಂಪನಿಯೋ ಕಳಿಸಿದ್ದ ಡೀಲರುಗಳೇ ಇರಬೇಕು. ನಮ್ಮ ಭಾವನ ವಯಸ್ಸಿನವರು, ನಮ್ಮ ಭಾವನ ಹೊಟ್ಟೆ. ನನ್ನ ಪಕ್ಕದವರು ಚಕ್ಕುಲಿ ಕೊಟ್ಟರು. ಒಬ್ಬರೇ ಹೊರಟಿದ್ದೀರಲ್ಲ, ಭಾರೀ ಧೈರ್ಯ ಎಂದು ಕಣ್ಣು ಮಿಟುಕಿಸಿದರು. ಚಕ್ಕುಲಿ ತಿಂದೆ. ಹಸಿವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಬ್ಯಾಂಕಾಕ್‌ನಲ್ಲಿ ಇಳಿದು, ಟೋಪಿಯವರ ಹಿಂದೆಯೇ ಹೋಗಿ ಅದೇ ಸಾಲಿನಲ್ಲಿ ನಿಂತೆ. ಆಗ ಗೊತ್ತಾಯಿತು, ನನ್ನ ಹತ್ತಿರ ಫೋಟೊ ಇಲ್ಲ. ಭಾವನಿಗೆ ಪಂಚೆ ಹಿಡಿದು ನಿಂತವನಿಗೆ ತನಗೂ ಫೋಟೊ ಬೇಕಾಗುತ್ತದೆಂಬ ಬುದ್ಧಿ ಬಂದಿರಲಿಲ್ಲ. ಪಕ್ಕದಲ್ಲೇ ಫೋಟೊ ತೆಗೆಯುವ ಒಂದು ಮೂಲೆ ಇತ್ತು. ಸ್ಟೂಲಿನ ಮೇಲೆ ಕೂರಿಸಿದ ಹುಡುಗಿ "ಸ್ಮೈಲ್, ಸ್ಮೈಲ್" ಎಂದಳು. ಅವಳ ತಪ್ಪೇನಿದೆ, ಅಲ್ಲಿ ಕೂತವರೆಲ್ಲ ನಗುತ್ತಲೇ ಇದ್ದರು. ನಾಲ್ಕು ಫೋಟೊ ಕೊಟ್ಟಳು. ಎರಡು ವೀಸಾದವರಿಗೆ, ಎರಡು ನನಗೆ. ಅದರಲ್ಲೊಂದೇ ಮೊನ್ನೆ ಪರ್ಸಿನಿಂದ ಬಿದ್ದದ್ದು.

ಆ ವೀಸಾ ಕೊಡುವುದು ತಿರುಗಾಡಲು ಬಂದವರಿಗೆ ಮಾತ್ರ. ಹೊರಡುವ ಮುಂಚೆ ಟಿಕೆಟ್ ಮಾಡಿಕೊಟ್ಟವನು ಎಚ್ಚರಿಸಿದ್ದ: "ಟೂರಿಸಂ ಅಂತ್ಲೇ ಹಾಕಿ ಸಾರ್. ಬೇರೆ ಏನಾದ್ರೂ ಹೇಳಿದ್ರೆ ಒಳಗೆ ಕೂರಿಸ್ಕೊಂಡು ಕೇಳ್ತಾ ಇರ್ತಾರೆ, ದಿನ ಹೋಗುತ್ತೆ." ಹಾಗೇ ಹಾಕಿದೆ. ಸಾಲು ಮುಂದಕ್ಕೆ ಹೋದಂತೆ ಅಕ್ಕನ ಮಾತು ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಬಾಗ್ಲಲ್ಲಿ ನಿಂತ್ಮೇಲೆ ಬ್ಯಾಡ ಅಂದ್ರೆ? ಇಷ್ಟು ದೂರ ಬಂದು, ಭಾವ ಮಲಗಿರುವ ದೇಶಕ್ಕೆ ಬಂದು, ಮುಖ ನೋಡದೆ ವಾಪಸ್ ಹೋಗಿ ಅಜ್ಜಿಗೆ ಕರಡಿಗೆ ಹಿಂದಕ್ಕೆ ಕೊಡುವ ದೃಶ್ಯ ಕಣ್ಣಿಗೆ ಬಂತು. ಕೈಬೆವರಿಗೆ ಅರ್ಜಿಯ ಶಾಯಿ ಕಲಸಿಕೊಂಡಿತು.

ಅಧಿಕಾರಿ ನಡುವಯಸ್ಸಿನವನು. ನನ್ನ ಖಾಲಿ ಪಾಸ್‌ಪೋರ್ಟಿನ ಹಾಳೆಗಳನ್ನೆಲ್ಲ ತಿರುವಿ ನೋಡಿದ.

"ಹಾಲಿಡೇ?"

"ಎಸ್."

"ಅಲೋನ್?"

"ಎಸ್."

ಅವನು ನನ್ನ ಜೇಬಿನ ಕಡೆ ಬೆರಳು ತೋರಿಸಿದ. ತೆಗೆದು ಕಟ್ಟೆಯ ಮೇಲಿಟ್ಟು ವಸ್ತ್ರ ಬಿಚ್ಚಿದೆ. ಬೆಳ್ಳಿಯ ಕರಡಿಗೆ, ಶಿವದಾರ. ವರ್ಷಾನುಗಟ್ಟಲೆ ಭಾವನ ಎದೆಗೆ ತಿಕ್ಕಿ ತಿಕ್ಕಿ ಒಂದು ಬದಿ ನುಣ್ಣಗಾಗಿತ್ತು.

"ವಾಟ್?"

ಇದನ್ನು ಯಾವ ಇಂಗ್ಲಿಷಿನಲ್ಲಿ ಹೇಳುವುದು. ಬಾಷ್ಪೀಕರಣವನ್ನೇ ಹೇಳಲಾಗದವನು ನಾನು. "ಗಾಡ್" ಎಂದೆ.

"ಯುವರ್ಸ್?"

"ನೋ. ಮೈ ಬ್ರದರ್ಸ್."

"ವೇರ್ ಬ್ರದರ್?"

"ಹಿಯರ್" ಎಂದೆ. "ವೇಟಿಂಗ್."

ಅವನು ನನ್ನ ಮುಖ ನೋಡಿದ, ಅರ್ಜಿಗೆ ಅಂಟಿಸಿದ್ದ ಫೋಟೊ ನೋಡಿದ, ಮತ್ತೆ ಮುಖ ನೋಡಿದ. ಹಿಂದಿನ ಸಾಲಿನಲ್ಲಿ ಟೋಪಿಯವರು ಯಾವುದಕ್ಕೋ ಗೊಳ್ಳೆಂದರು. ಅವನು ಮುದ್ರೆ ಒತ್ತಿ, ಪಾಸ್‌ಪೋರ್ಟನ್ನು ನನ್ನ ಕಡೆ ತಳ್ಳಿ, ಮುಂದಿನವರನ್ನು ಕರೆದ. ಕರಡಿಗೆಯನ್ನು ಅವನು ಮುಟ್ಟಲೇ ಇಲ್ಲ. ಅವನಿಗೇನು ಅರ್ಥವಾಯಿತೋ ನನಗೆ ಗೊತ್ತಿಲ್ಲ.

ಚಂದ್ರಣ್ಣ ಪಟ್ಟಾಯದ ಆಸ್ಪತ್ರೆಯ ಬಾಗಿಲಲ್ಲಿ ಕಾಯುತ್ತಿದ್ದ. ಗುಂಪಿನವರೆಲ್ಲ ಊರಿಗೆ ಹೊರಟುಹೋಗಿದ್ದರು, ಅವನೊಬ್ಬ ಉಳಿದಿದ್ದ. ನನ್ನ ಭುಜ ಹಿಡಿದುಕೊಂಡು ಹೇಳಿದ:

"ಒಂದ್ ತುತ್ತೂ ಸರಿಯಾಗ್ ಉಣ್ಲಿಲ್ಲ ಕಣ್ರೀ. ಮನೆಯಿಂದ ತಂದಿದ್ ಅವಲಕ್ಕಿ, ಚಟ್ನಿಪುಡಿ, ಅಷ್ಟೇಯ. ತಟ್ಟೆ ಮುಂದೆ ಕೂತಾಗೆಲ್ಲ ಕೈ ಕತ್ತಿನ್ ತಾವ್ಕೆ ಹೋಗದು. ಅಲ್ಲೇನೂ ಇರ್ತಿರ್ಲಿಲ್ಲ. ಸುಮ್ನೆ ಎದ್ ಹೋಗೋರು. ತಪ್ ಮಾಡ್ಬುಟ್ಟೆ ಕಣೋ ಚಂದ್ರ, ಬಿಟ್ ಬರಬಾರ್ದಿತ್ತು ಅನ್ನೋರು."

ಭಾವನ ಮುಖ ಚೆನ್ನಾಗಿಯೇ ಇತ್ತು. ತುಟಿ ಬಿಗಿಹಿಡಿದಿದ್ದರು, ಫೋಟೊದಲ್ಲಿದ್ದ ಹಾಗೆ. ಅಜ್ಜಿ ಹೇಳಿದಂತೆ ಮೊದಲು ಕತ್ತಿಗೆ ಲಿಂಗ ಕಟ್ಟಿದೆ. ಕತ್ತು ಎತ್ತಲು ಬರಲಿಲ್ಲ. ಅಲ್ಲಿದ್ದ ನರ್ಸ್ ಒಬ್ಬಳು ನೆರವಾದಳು. ಆಗ ಮೊದಲ ಬಾರಿಗೆ ಆ ಮೈ ಹೇಗೆ ಆಗಿಹೋಗಿದೆ ಎಂದು ನನ್ನ ಕೈಗೆ ಗೊತ್ತಾಯಿತು. ವಿಮಾನದಲ್ಲಿ ಕಳಿಸುವುದಕ್ಕೆ ಕೆಡದಂತೆ ಔಷಧಿ ಬೇರೆ ತುಂಬಿದ್ದರು, ಅದು ತುಂಬಿದ ಮೈ ಮತ್ತೆ ಸಡಿಲವಾಗುವುದಿಲ್ಲ. ಒಳಗೆ ಬರಲು ನನಗೆ ಒಂದು ಸಾಲು, ಒಂದು ಮುದ್ರೆ ಸಾಕಾಗಿತ್ತು. ಭಾವನನ್ನು ಹೊರಗೆ ಕಳಿಸಲು ಎಷ್ಟು ಕಚೇರಿಗಳು, ಎಷ್ಟು ಸಹಿಗಳು ಬೇಕಾದವೆಂದರೆ, ಊರಿಂದ ಅಕ್ಕ ಫೋನ್ ಮಾಡಿದಾಗಲೆಲ್ಲ ನಾಳೆ ಎಂದೇ ಹೇಳಬೇಕಾಯಿತು. ಫೋನಿನ ಹಿಂದೆ ಅಜ್ಜಿ ಕೂರ್ಸೋಕಾಗುತ್ತಾ ಕೇಳು, ಕೂರ್ಸೋಕಾಗುತ್ತಾ ಕೇಳು ಎನ್ನುವುದು ಕೇಳಿಸುತ್ತಿತ್ತು. ಆಗಲ್ಲ ಎಂದು ಹೇಳುವ ಧೈರ್ಯ ನನಗೂ ಆಗಲಿಲ್ಲ, ಚಂದ್ರಣ್ಣನಿಗೂ ಆಗಲಿಲ್ಲ.

ಚೆನ್ನೈಯಿಂದ ಆಂಬುಲೆನ್ಸ್‌ನಲ್ಲಿ ಬಂದೆವು. ಪೆಟ್ಟಿಗೆ ಎಷ್ಟು ಉದ್ದವಿತ್ತೆಂದರೆ ನಾನೂ ಚಂದ್ರಣ್ಣನೂ ಕಾಲು ಚಾಚುವುದಕ್ಕೆ ಜಾಗವಿಲ್ಲದೆ ಮಂಡಿ ಅಪ್ಪಿಕೊಂಡು ಕೂತಿದ್ದೆವು. ತುಮಕೂರು ದಾಟಿ ಗುಬ್ಬಿಗೆ ಬಂದಾಗ ಅಂಗಡಿಗಳೆಲ್ಲ ಮುಚ್ಚಿದ್ದವು. ಸೀದಾ ಚೇಳೂರಿನ ಹತ್ತಿರದ ತೋಟಕ್ಕೆ ಹೋದೆವು.

ಗುಂಡಿ ತೆಗೆದಿದ್ದರು. ಭಾವನ ತಂದೆಯ ಸಮಾಧಿಯ ಪಕ್ಕ, ಚೌಕವಾಗಿ, ಆಳವಾಗಿ, ಒಳಗೋಡೆಯಲ್ಲಿ ಕೂರುವ ಗೂಡು ಕೊರೆದು, ಸಗಣಿ ಸಾರಿಸಿ, ವಿಭೂತಿ ಪಟ್ಟೆ ಎಳೆದು, ಬಿಲ್ವಪತ್ರೆ ಹಾಸಿ ಸಿದ್ಧ ಮಾಡಿದ್ದರು. ಅಜ್ಜಿ ತಾವೇ ನಿಂತು ಹೇಳಿ ಮಾಡಿಸಿದ್ದರಂತೆ. ಪೆಟ್ಟಿಗೆಯ ಮೊಳೆ ಕಿತ್ತು ಮುಚ್ಚಳ ತೆಗೆದರು. ಅಕ್ಕ ಬಾಗಿ ಮುಖ ಮುಟ್ಟಿದಳು. ಕತ್ತಿನಲ್ಲಿದ್ದ ಕರಡಿಗೆ ಮುಟ್ಟಿ ನೋಡಿ, ನನ್ನ ಕಡೆ ತಲೆಯಾಡಿಸಿದಳು.

ಕ್ರಿಯೆ ಮಾಡಿಸಲು ಬಂದಿದ್ದ ಅಯ್ನೋರು, ದಾಯಾದಿಗಳು ಸೇರಿ ಎತ್ತಿ ಹೊರಗಿಟ್ಟು ಕಾಲು ಮಡಿಸಲು ನೋಡಿದರು. ಮಂಡಿ ಬಗ್ಗಲಿಲ್ಲ. ಬಿಸಿನೀರು ತಂದು ಬಟ್ಟೆ ಅದ್ದಿ ಸುತ್ತಿದರು. ತಿಕ್ಕಿದರು. ಒಬ್ಬರು ಭುಜ ಹಿಡಿದು, ಇನ್ನೊಬ್ಬರು ಮಂಡಿಯ ಮೇಲೆ ಭಾರ ಬಿಟ್ಟರು. ಅಯ್ನೋರು ಎಡಗೈ ಬೆರಳು ಬಿಡಿಸಲು ಹೋಗಿ ಬೆವರಿದರು. ನಾನು ಬೇರೆ ಕಡೆ ತಿರುಗಿದೆ. ಕೊನೆಗೆ ದಾಯಾದಿಗಳಲ್ಲಿ ಹಿರಿಯರೊಬ್ಬರು, ಕೀಲು ಮುರಿಯದೆ ಆಗುವುದಿಲ್ಲ, ಏನು ಮಾಡೋಣ ಎಂದರು. ಎಲ್ಲರೂ ಶಿವಮ್ಮಜ್ಜಿಯ ಕಡೆ ನೋಡಿದರು. ಕೂರಿಸಿ ಕಳಿಸಬೇಕೆಂದು ಇಷ್ಟು ದಿನ ಅನ್ನ ನೀರು ಬಿಟ್ಟು ಕೂತಿದ್ದವರು ಅವರು.

ಅಜ್ಜಿ ಎದ್ದು ಬಂದರು. ಮಗನ ಮಂಡಿಯ ಮೇಲಿದ್ದ ಕೈಗಳನ್ನು ಒಂದೊಂದಾಗಿ ತೆಗೆದರು. ಕತ್ತಿನ ಕರಡಿಗೆ ಬಿಚ್ಚಿ, ಲಿಂಗ ತೆಗೆದು ಕಣ್ಣಿಗೊತ್ತಿಕೊಂಡು, ಮುಚ್ಚಿದ್ದ ಎಡಗೈಯ ಮೇಲಿಟ್ಟು, ತಮ್ಮ ಸೆರಗಿನ ಅಂಚು ಹರಿದು ಅದನ್ನು ಕೈಗೆ ಕಟ್ಟಿದರು. ಆಮೇಲೆ ಗುದ್ದಲಿ ಹಿಡಿದು ನಿಂತಿದ್ದವರ ಕಡೆ ತಿರುಗಿ ಹೇಳಿದರು:

"ಗುಂಡಿ ಉದ್ದ ಮಾಡ್ರಪ್ಪ. ಮಲಗ್ಲಿ ಬುಡಿ. ಕೂತ್ಕೊಂಡ್ರೆ ನಿದ್ದೆ ಬರ್ತಿರ್ಲಿಲ್ಲ ಅವ್ನಿಗೆ."